ಸಿಗಾರ್ ಹೊಸಬರಿಗೆ: ಇಡುವುದು ಹೇಗೆ, ಹಚ್ಚುವುದು ಹೇಗೆ

ಹೊಸದಾಗಿ ಸಿಗಾರ್ ಕೊಳ್ಳುವವರು ಮೊದಲು ಕೇಳುವುದು ಯಾವ ಬ್ರ್ಯಾಂಡ್ ಚೆನ್ನಾಗಿದೆ ಅಂತ. ಅದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ತಂದಿದ್ದನ್ನು ಎಲ್ಲಿ ಇಡುತ್ತೀರಿ, ಹೇಗೆ ಹಚ್ಚುತ್ತೀರಿ, ಇವೆರಡು ಮೊದಲು ಗೊತ್ತಿರಬೇಕು. ಎಷ್ಟೇ ದುಬಾರಿ ಸಿಗಾರ್ ಆಗಲಿ, ಕೆಲವು ವಾರ ಮೇಜಿನ ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದು, ಆಮೇಲೆ ಸಿಗರೇಟಿನ ಹಾಗೆ ಅವಸರದಲ್ಲಿ ಉರಿಗೆ ಹಿಡಿಸಿಕೊಂಡರೆ ಬಾಯಿಗೆ ಬರುವುದು ಬರೀ ಕಹಿ. ಸಾಧಾರಣ ಬೆಲೆಯದ್ದನ್ನೇ ಹದವಾಗಿ ಇಟ್ಟು ನಿಧಾನವಾಗಿ ಹಚ್ಚಿದರೆ ಅದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಸಿಗಾರ್ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುವುದಿಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಸಿಗಾರ್ ಹೊಗೆ ಕ್ಷಾರದ ಗುಣದ್ದು, ಅದರಲ್ಲಿರುವ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕೂಡ ಕಾರಣ. ಇಲ್ಲಿಯವರೆಗೆ ತಂಬಾಕು ಮುಟ್ಟದವರು ಇದಕ್ಕಾಗಿ ಶುರು ಮಾಡಬೇಡಿ ಅಂತಲೇ ಹೇಳುತ್ತೇನೆ. ಸೇದುವ ನಿರ್ಧಾರ ಮಾಡಿರುವ ವಯಸ್ಕರಿಗೆ ಮಾತ್ರ ಮುಂದಿನದ್ದು.

ಎಲೆಗೆ ಬೇಕಾಗಿದ್ದು ತೇವದ ಹದ

ಕೈಯಲ್ಲಿ ಸುತ್ತಿದ ಸಿಗಾರ್ ಅಂದರೆ ಪೂರ್ತಿ ಎಲೆ. ಒಳಗೆ ಫಿಲ್ಲರ್, ಅದನ್ನು ಬಿಗಿದು ಹಿಡಿಯುವ ಬೈಂಡರ್, ಹೊರಗೆ ನುಣುಪಾದ ರ‍್ಯಾಪರ್. ಈ ಎಲೆಗಳು ಸುತ್ತಲಿನ ಗಾಳಿಯಿಂದ ತೇವ ಹೀರುತ್ತವೆ, ಗಾಳಿ ಒಣಗಿದ್ದರೆ ತೇವ ಬಿಡುತ್ತವೆ. ಒಣಗಿದರೆ ಎಣ್ಣೆಯ ಅಂಶ ಹೋಗುತ್ತದೆ, ಘಮ ಹೋಗುತ್ತದೆ, ಸಿಗಾರ್ ಬೇಗ ಮತ್ತು ಬಿಸಿಯಾಗಿ ಉರಿದು ನಾಲಿಗೆ ಚುರುಗುಟ್ಟುತ್ತದೆ. ತೇವ ಜಾಸ್ತಿಯಾದರೆ ಎಳೆಯುವುದೇ ಕಷ್ಟ, ಪದೇ ಪದೇ ಆರಿಹೋಗುತ್ತದೆ, ಇನ್ನೂ ಜಾಸ್ತಿಯಾದರೆ ಬೂಷ್ಟು.

ಹಾಗಾದರೆ ಎಷ್ಟಿರಬೇಕು? ಗಾಳಿಯ ತೇವಾಂಶ ಶೇಕಡ 65ರಿಂದ 70, ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್. ಹಳಬರು 70-70 ಅನ್ನುತ್ತಾರೆ, ಅಂದರೆ ಶೇಕಡ 70 ತೇವ, 70 ಡಿಗ್ರಿ ಫ್ಯಾರನ್‌ಹೀಟ್. ಈಗ ಬಹಳ ಜನ ಶೇಕಡ 65ರ ಹತ್ತಿರ ಇಡುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ, ಯಾಕೆಂದರೆ ಆ ಹದದಲ್ಲಿ ಸಿಗಾರ್ ಸುತ್ತಲೂ ಒಂದೇ ಸಮ ಉರಿಯುತ್ತದೆ, ಆರುವುದೂ ಕಡಿಮೆ. ಅರ್ಧ ಅಂಕ ಏರಿತು, ಒಂದು ಅಂಕ ಇಳಿಯಿತು ಅಂತ ದಿನಕ್ಕೆ ನಾಲ್ಕು ಸಲ ಡಬ್ಬಿ ತೆಗೆದು ನೋಡಬೇಡಿ. ತೆಗೆದಷ್ಟೂ ಒಳಗಿನ ಹದ ಕೆಡುತ್ತದೆ.

ಹೊಸಬರಿಗೆ ಮರದ ಹ್ಯೂಮಿಡಾರ್, ಅಂದರೆ ಸಿಗಾರ್‌ನ ತೇವ ಕಾಯುವ ಪೆಟ್ಟಿಗೆ, ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಲಾಕ್ ಬೀಳುವ ಪ್ಲಾಸ್ಟಿಕ್ ಡಬ್ಬಿ ಸಾಕು. ನಿಜ ಹೇಳಬೇಕೆಂದರೆ ಅಗ್ಗದ ಮರದ ಪೆಟ್ಟಿಗೆಗಿಂತ ಇದೇ ಚೆನ್ನಾಗಿ ತೇವ ಹಿಡಿಯುತ್ತದೆ. ಡಬ್ಬಿಯನ್ನು ತೊಳೆದು, ಪೂರ್ತಿ ಒಣಗಿಸಿ, ಮುಚ್ಚಳ ತೆಗೆದು ಒಂದೆರಡು ದಿನ ಗಾಳಿಗೆ ಇಡಿ. ಮೂಗು ಹತ್ತಿರ ಒಯ್ದಾಗ ಸೋಪಿನ ವಾಸನೆಯಾಗಲಿ, ಪ್ಲಾಸ್ಟಿಕ್ ವಾಸನೆಯಾಗಲಿ ಬರಬಾರದು. ಸಿಗಾರ್ ಎಂಥ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಇದೇ ಕಾರಣಕ್ಕೆ ಪರಿಮಳ ಬೆರೆಸಿದ ಸಿಗಾರ್‌ಗಳಿದ್ದರೆ ಅವಕ್ಕೆ ಬೇರೆ ಡಬ್ಬಿ ಮಾಡಿ. ಒಂದು ವೆನಿಲಾ ಸಿಗಾರ್ ಸಾಕು, ಪಕ್ಕದವೆಲ್ಲ ವೆನಿಲಾ ಆಗುತ್ತವೆ.

ಡಬ್ಬಿಯೊಳಗೆ ಒಂದು ತೇವದ ಪ್ಯಾಕ್ ಹಾಕಿ. ಬೋವೆಡಾ ಅನ್ನುವ ಹೆಸರಿನಲ್ಲಿ ಸಿಗುವ ಪ್ಯಾಕ್‌ಗಳು ಹೆಚ್ಚು ಬಳಕೆಯಲ್ಲಿವೆ. ಒಳಗೆ ಉಪ್ಪು ಕರಗಿಸಿದ ನೀರಿನ ದ್ರಾವಣ, ಹೊರಗೆ ಆವಿ ಮಾತ್ರ ದಾಟುವ ಪದರ. ಗಾಳಿ ಒಣಗಿದರೆ ಪ್ಯಾಕ್ ತೇವ ಕೊಡುತ್ತದೆ, ಜಾಸ್ತಿಯಾದರೆ ಅದೇ ಹೀರಿಕೊಳ್ಳುತ್ತದೆ. ಮೇಲೆ 62, 65, 69, 72 ಅಂತ ಬರೆದಿರುತ್ತದೆ, ಅದೇ ಶೇಕಡಾವಾರು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ 65 ಸರಿ. ಮರದ ಪೆಟ್ಟಿಗೆಯಲ್ಲಿ ಸ್ವಲ್ಪ ತೇವ ಸೋರಿ ಹೋಗುವುದರಿಂದ ಅಲ್ಲಿ 69 ಅಥವಾ 72 ಹಾಕುತ್ತಾರೆ. 60 ಗ್ರಾಮಿನ ಒಂದು ಪ್ಯಾಕ್ ಸುಮಾರು 25 ಸಿಗಾರ್ ಹಿಡಿಸುವ ಜಾಗಕ್ಕೆ ಅಂತ ಲೆಕ್ಕ. ಒತ್ತಿ ನೋಡಿದಾಗ ಮೆತ್ತಗಿದ್ದರೆ ಇನ್ನೂ ಜೀವ ಇದೆ, ಪೂರ್ತಿ ಗಟ್ಟಿಯಾಗಿದ್ದರೆ ಬದಲಾಯಿಸುವ ಹೊತ್ತು.

ಪ್ಯಾಕ್ ಬದಲು ಒದ್ದೆ ಸ್ಪಂಜು, ಸೇಬಿನ ಹೋಳು, ಆಲೂಗಡ್ಡೆ ಚೂರು ಇಡುವ ಸಲಹೆ ಕೇಳಿರುತ್ತೀರಿ. ಬೇಡ. ಹಣ್ಣಿನ ಹೋಳಿಗೆ ಬೂಷ್ಟು ಬರುತ್ತದೆ, ಅದು ಸಿಗಾರ್‌ಗೆ ದಾಟುತ್ತದೆ. ಫ್ರಿಜ್‌ನಲ್ಲಿ ಇಡುವುದೂ ಬೇಡ. ಒಳಗಿನ ಗಾಳಿ ಒಣ, ಜೊತೆಗೆ ಈರುಳ್ಳಿಯಿಂದ ಹಿಡಿದು ಎಲ್ಲದರ ವಾಸನೆಯೂ ಅಲ್ಲೇ ಇರುತ್ತದೆ.

ಡಬ್ಬಿಯೊಳಗೆ ಗಾಳಿಯ ತೇವ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಇಡಿ. ಮುಳ್ಳು ತಿರುಗುವ ಗಡಿಯಾರದಂಥವು ನೋಡಲು ಚೆಂದ, ನಂಬಲು ಕಷ್ಟ. ಡಿಜಿಟಲ್ ಕೂಡ ಎರಡು ಮೂರು ಅಂಕ ತಪ್ಪು ತೋರಿಸಬಹುದು, ಅದಕ್ಕೆ ಮೊದಲೇ ಉಪ್ಪಿನ ಪರೀಕ್ಷೆ ಮಾಡಿಬಿಡಿ. ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಡಿ. ಉಪ್ಪು ಒದ್ದೆ ಮರಳಿನ ಹಾಗಿರಬೇಕು, ಕರಗಬಾರದು. ಆ ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದೇ ಜಿಪ್ ಕವರಿನಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ಅಲುಗಾಡಿಸದೆ ಒಂದು ದಿನ ಬಿಡಿ. ಉಪ್ಪು ಮತ್ತು ನೀರು ಹೀಗೆ ಮುಚ್ಚಿದ ಜಾಗದಲ್ಲಿದ್ದರೆ ಗಾಳಿಯ ತೇವ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮದು 78 ತೋರಿಸಿದರೆ ಅದು 3 ಜಾಸ್ತಿ ತೋರಿಸುತ್ತಿದೆ ಅಂತ ಅರ್ಥ. ಅಷ್ಟನ್ನು ಕಳೆದು ಓದಿಕೊಂಡರೆ ಆಯಿತು.

ಮರದ ಹ್ಯೂಮಿಡಾರ್ ಕೊಂಡೇ ಬಿಟ್ಟಿದ್ದೀರಾ? ಹಾಗಾದರೆ ತಂದ ದಿನವೇ ಸಿಗಾರ್ ತುಂಬಬೇಡಿ. ಒಳಗಿನ ಹಲಗೆ ಸಾಮಾನ್ಯವಾಗಿ ಸ್ಪ್ಯಾನಿಶ್ ಸೀಡರ್, ಮಹಾಗನಿ ಕುಟುಂಬದ ಮರ. ಹೊಸ ಮರ ಒಣಗಿರುತ್ತದೆ, ಮೊದಲು ಅದು ಸಿಗಾರ್‌ಗಳ ತೇವವನ್ನೇ ಕುಡಿದುಬಿಡುತ್ತದೆ. ಶೇಕಡ 84ರ ಬೋವೆಡಾ ಪ್ಯಾಕ್ ಹಾಕಿ, ಮುಚ್ಚಿ, 14 ದಿನ ಹಾಗೇ ಬಿಡಿ. ಆಮೇಲೆ ಅದನ್ನು ತೆಗೆದು ಮಾಮೂಲಿ ಪ್ಯಾಕ್ ಹಾಕಿ ಸಿಗಾರ್ ಜೋಡಿಸಿ. ಒದ್ದೆ ಬಟ್ಟೆಯಿಂದ ಒರೆಸುವ ಹಳೇ ಪದ್ಧತಿಯಲ್ಲಿ ಮರ ಉಬ್ಬಿ ಮುಚ್ಚಳ ಸರಿಯಾಗಿ ಕೂರದೆ ಹೋಗುವ ಭಯ ಇದೆ. ಎಲ್ಲೇ ನೀರು ಬಳಸಬೇಕಾಗಿ ಬಂದರೂ ಡಿಸ್ಟಿಲ್ಡ್ ವಾಟರ್ ಇರಲಿ, ನಲ್ಲಿ ನೀರು ಬೇಡ.

ಪೆಟ್ಟಿಗೆಯನ್ನು ಬಿಸಿಲು ಬೀಳದ, ಮನೆಯಲ್ಲೇ ತಂಪಾದ ಜಾಗದಲ್ಲಿ ಇಡಿ. ಉಷ್ಣತೆಯ ವಿಷಯ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಹುಳ. ತಂಬಾಕಿನ ಹುಳದ ಮೊಟ್ಟೆ ಎಲೆಯಲ್ಲೇ ಇರಬಹುದು, ಕಣ್ಣಿಗೆ ಕಾಣುವುದಿಲ್ಲ. ಸೆಖೆ ಜಾಸ್ತಿಯಾದರೆ, 24 ಡಿಗ್ರಿ ದಾಟಿ ತೇವವೂ ಮೇಲಿದ್ದರೆ, ಮೊಟ್ಟೆ ಒಡೆದು ಮರಿ ಹೊರಬರುವ ಸಾಧ್ಯತೆ ಏರುತ್ತಾ ಹೋಗುತ್ತದೆ. ರ‍್ಯಾಪರ್ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದಂಥ ಸಣ್ಣ ದುಂಡು ತೂತು, ಕೆಳಗೆ ಕಂದು ಪುಡಿ ಕಂಡರೆ ಅದೇ ಹುಳ. ಆ ಸಿಗಾರ್ ಎಸೆಯಿರಿ. ಉಳಿದವನ್ನು ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್, ಕೊನೆಗೆ ಕೋಣೆಯ ಉಷ್ಣತೆಗೆ ಬಂದ ಮೇಲೆ ಕವರ್ ಬಿಚ್ಚಿ. ನೇರ ಫ್ರೀಜರಿನಿಂದ ಹೊರಗೆ ತಂದರೆ ರ‍್ಯಾಪರ್ ಸೀಳುತ್ತದೆ. ಈ ಕೆಲಸಕ್ಕೆ ಮಾತ್ರ ಫ್ರಿಜ್ ಬಳಕೆ, ಅದೂ ಮುಚ್ಚಿದ ಕವರಿನಲ್ಲಿ.

ಸಿಗಾರ್ ಮೇಲಿನ ತೆಳು ಪಾರದರ್ಶಕ ಹಾಳೆ ತೆಗೆಯಬೇಕಾ ಬೇಡವಾ ಅಂತ ದೊಡ್ಡ ಚರ್ಚೆ ನಡೆಯುತ್ತದೆ. ಅದರಲ್ಲಿ ಆವಿ ದಾಟುತ್ತದೆ, ಹಾಗಾಗಿ ಇದ್ದರೂ ತೊಂದರೆ ಇಲ್ಲ. ಒಂದಕ್ಕೊಂದು ಉಜ್ಜಿ ರ‍್ಯಾಪರ್ ಹರಿಯುವುದು ತಪ್ಪುತ್ತದೆ ಅಂತ ನಾನು ಇರಲಿ ಅನ್ನುವ ಪಕ್ಷ. ಗಾಜಿನ ಟ್ಯೂಬಿನಲ್ಲಿ ಬಂದಿದ್ದರೆ ಮುಚ್ಚಳ ಮಾತ್ರ ತೆಗೆದಿಡಿ.

ತಿಂಗಳಿಗೊಮ್ಮೆ ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ ಮಾಡಿ. ಆಗಲೇ ಒಂದೊಂದನ್ನೂ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಚೂರು ಒಳಗೆ ಹೋಗಿ ಮತ್ತೆ ಮೊದಲಿನ ಹಾಗಾದರೆ ಹದ ಸರಿ ಇದೆ. ಚರಚರ ಸದ್ದು ಬಂದರೆ ಒಣಗಿದೆ. ಒತ್ತಿದ ಗುರುತು ಹಾಗೇ ಉಳಿದರೆ ತೇವ ಜಾಸ್ತಿ. ಮೇಲೆ ನೀಲಿ, ಹಸಿರು ಅಥವಾ ಬಿಳಿ ಹತ್ತಿಯಂಥ ಚುಕ್ಕೆ ಕಂಡರೆ ಬೂಷ್ಟು, ಅದನ್ನು ಒರೆಸಿ ಸೇದಬೇಡಿ.

ಒಣಗಿದ ಸಿಗಾರ್ ಸಿಕ್ಕರೆ ಅವಸರ ಮಾಡಬೇಡಿ. ಒಮ್ಮೆಗೇ 70ರ ತೇವಕ್ಕೆ ಇಟ್ಟರೆ ಒಳಗಿನ ಎಲೆ ಉಬ್ಬಿ ಹೊರಗಿನದು ಬಿರಿಯುತ್ತದೆ. ಮೊದಲು 62ರ ಪ್ಯಾಕ್ ಜೊತೆ ಎರಡು ಮೂರು ವಾರ, ಆಮೇಲೆ 65. ಮೆತ್ತಗಾಗುತ್ತದೆ, ಉರಿಯುವುದೂ ಸರಿಹೋಗುತ್ತದೆ. ಹೋದ ಘಮ ಪೂರ್ತಿ ಮರಳುವುದಿಲ್ಲ.

ಯಾವುದರಿಂದ ಶುರು ಮಾಡುವುದು

ಪೆಟ್ಟಿಗೆಗಟ್ಟಲೆ ಕೊಳ್ಳಬೇಡಿ, ಬಿಡಿಯಾಗಿ ನಾಲ್ಕೈದು ಬೇರೆ ಬೇರೆ ತನ್ನಿ. ದಪ್ಪವನ್ನು ರಿಂಗ್ ಗೇಜ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಒಂದು ಇಂಚಿನ 64ನೇ ಒಂದು ಭಾಗ ಅಂದರೆ ಒಂದು ರಿಂಗ್. 50 ರಿಂಗ್ ಅಂದರೆ ಸುಮಾರು 20 ಮಿಲಿಮೀಟರ್ ದಪ್ಪ. 5 ಇಂಚು ಉದ್ದ, 50 ರಿಂಗಿನ ರೋಬಸ್ಟೋ ಹೊಸಬರ ಕೈಗೆ ಒಳ್ಳೆಯ ಅಳತೆ, ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ತೆಳು ಕಂದು ಬಣ್ಣದ, ಕನೆಕ್ಟಿಕಟ್ ಅನ್ನುವ ಬಗೆಯ ರ‍್ಯಾಪರ್ ಇರುವವು ಬಹಳಷ್ಟು ಮೃದು. ಕೇವಲ ಬಣ್ಣ ನೋಡಿ ಖಾರ ಎಷ್ಟು ಅಂತ ನಿರ್ಧರಿಸಬೇಡಿ, ಮಡೂರೋ ಅನ್ನುವ ಕಡು ಕಪ್ಪು ಎಲೆಯದ್ದು ಎಷ್ಟೋ ಸಲ ಸಿಹಿಯಾಗಿರುತ್ತದೆ. ಯಂತ್ರದಲ್ಲಿ ಮಾಡಿದ ಸಣ್ಣ ಒಣ ಸಿಗಾರ್‌ಗಳೂ ಇವೆ, ಅವಕ್ಕೆ ಮೇಲೆ ಹೇಳಿದ ತೇವದ ಉಪಚಾರ ಬೇಕಿಲ್ಲ.

ಕತ್ತರಿಸುವುದು

ಬಾಯಿಗೆ ಇಡುವ ತುದಿಯನ್ನು ಹೆಡ್ ಅನ್ನುತ್ತಾರೆ. ಅದರ ಮೇಲೆ ಎಲೆಯ ಸಣ್ಣ ಟೋಪಿ ಅಂಟಿಸಿರುತ್ತಾರೆ, ಬೆಳಕಿಗೆ ಹಿಡಿದರೆ ಅದು ಮುಗಿಯುವ ಗೆರೆ ಕಾಣುತ್ತದೆ. ಆ ಗೆರೆಗಿಂತ ಮೇಲೆಯೇ, ತುದಿಯಿಂದ ಸುಮಾರು 2 ಮಿಲಿಮೀಟರ್ ಒಳಗೆ, ಒಂದೇ ಏಟಿಗೆ ಕತ್ತರಿಸಿ. ಗೆರೆ ದಾಟಿ ಕತ್ತರಿಸಿದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಗಿಲೋಟಿನ್ ಕಟರ್ ಹೊಸಬರಿಗೆ ಸಾಕು. ಕಟರನ್ನು ಮೇಜಿನ ಮೇಲೆ ಮಲಗಿಸಿ, ಸಿಗಾರ್ ತಲೆಯನ್ನು ತೂತಿನೊಳಗೆ ಮೇಜಿಗೆ ತಾಗುವ ತನಕ ಇಳಿಸಿ ಒತ್ತಿದರೆ ಜಾಸ್ತಿ ಕತ್ತರಿಸುವ ಭಯ ಇರುವುದಿಲ್ಲ. ಹಲ್ಲಿನಲ್ಲಿ ಕಚ್ಚಿ ತೆಗೆಯುವುದು ಬೇಡ.

ಹಚ್ಚುವ ಮೊದಲು ಹಾಗೇ ಒಂದು ಸಲ ಎಳೆದು ನೋಡಿ. ಗಾಳಿ ಸರಾಗ ಬಂದರೆ ಸರಿ. ಬಿಗಿಯಾಗಿದೆ ಅನಿಸಿದರೆ ಇನ್ನೊಂದು ಚೂರು ಕತ್ತರಿಸಬಹುದು. ಕಡಿಮೆ ಕತ್ತರಿಸಿದ್ದನ್ನು ಸರಿ ಮಾಡಬಹುದು, ಜಾಸ್ತಿ ಕತ್ತರಿಸಿದ್ದನ್ನು ಸೇರಿಸಲು ಆಗುವುದಿಲ್ಲ ಅಲ್ವಾ?

ಹಚ್ಚುವುದು

ಇಲ್ಲಿ ಎರಡು ನಿಮಿಷ ತಾಳ್ಮೆ ತೋರಿಸಿದರೆ ಮುಂದಿನ ಒಂದು ಗಂಟೆ ಸುಖ. ಮೊದಲು ಬೆಂಕಿಯ ವಿಷಯ. ಬ್ಯೂಟೇನ್ ಗ್ಯಾಸ್ ಲೈಟರ್ ಒಳ್ಳೆಯದು, ಅದಕ್ಕೆ ವಾಸನೆ ಇಲ್ಲ. ಮೆತ್ತನೆ ಹಳದಿ ಉರಿಯದ್ದೂ ಆಗುತ್ತದೆ, ನೀಲಿ ಉರಿ ಚಿಮ್ಮುವ ಟಾರ್ಚ್ ಲೈಟರೂ ಆಗುತ್ತದೆ. ಟಾರ್ಚ್ ಗಾಳಿಗೆ ಆರುವುದಿಲ್ಲ, ಆದರೆ ಉರಿ ತುಂಬಾ ಬಿಸಿ, ಹತ್ತಿರ ಹಿಡಿದರೆ ಎಲೆ ಸುಟ್ಟು ಕರಕಲಾಗುತ್ತದೆ. ಬತ್ತಿ ಇರುವ ಪೆಟ್ರೋಲ್ ಲೈಟರ್ ಮತ್ತು ಮೇಣದಬತ್ತಿ ಬೇಡವೇ ಬೇಡ, ಎರಡರ ವಾಸನೆಯೂ ಮೊದಲ ದಮ್ಮಿನಲ್ಲೇ ಬಾಯಿಗೆ ಬರುತ್ತದೆ. ಬೆಂಕಿಕಡ್ಡಿ ಆದರೆ ಉದ್ದದ್ದು ಇರಲಿ, ಗೀರಿದ ಮೇಲೆ ತಲೆಯ ಮದ್ದು ಪೂರ್ತಿ ಉರಿದು ಹೋಗುವ ತನಕ ಕಾದು, ಬರೀ ಕಡ್ಡಿ ಉರಿಯುವಾಗ ಹತ್ತಿರ ತನ್ನಿ. ಒಂದು ಕಡ್ಡಿಗೆ ಆಗುವ ಕೆಲಸ ಅಲ್ಲ, ಎರಡು ಮೂರು ಬೇಕಾಗುತ್ತದೆ.

ಸಿಗಾರನ್ನು ಇನ್ನೂ ಬಾಯಿಗೆ ಇಡಬೇಡಿ. ಕೈಯಲ್ಲಿ ಹಿಡಿದು, ಹಚ್ಚುವ ತುದಿಯನ್ನು ಓರೆಯಾಗಿ ಕೆಳಗೆ ಬಾಗಿಸಿ. ಉರಿಯ ತುದಿ ಎಲೆಗೆ ತಾಗದ ಹಾಗೆ, ಒಂದೆರಡು ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಟಾರ್ಚ್ ಆದರೆ ಇನ್ನೂ ಚೂರು ದೂರ. ಈಗ ಸಿಗಾರನ್ನು ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಮೊದಲು ಅಂಚಿನ ರ‍್ಯಾಪರ್ ಸುತ್ತಲೂ ಕಪ್ಪಾಗುತ್ತದೆ, ತೆಳುವಾಗಿ ಹೊಗೆ ಏಳುತ್ತದೆ, ಸುಟ್ಟ ಎಲೆಯ ಸಿಹಿ ವಾಸನೆ ಬರುತ್ತದೆ. ಆಮೇಲೆ ನಡುವಿನ ಫಿಲ್ಲರ್ ಎಲೆಗಳ ಮಡಿಕೆಗಳಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಮೂಡುತ್ತವೆ. ಇದನ್ನು ಟೋಸ್ಟ್ ಮಾಡುವುದು ಅನ್ನುತ್ತಾರೆ. ಎಲೆಯನ್ನು ಬಿಸಿಗೆ ಸಿದ್ಧ ಮಾಡುವುದಷ್ಟೇ ಇದರ ಉದ್ದೇಶ. ನೇರ ಉರಿಯೊಳಗೆ ತುರುಕಿ ಎಳೆದರೆ ಹೊರಗಿನ ಎಲೆ ಕರಕಲು, ಒಳಗಿನದು ಹಸಿ, ಮೊದಲ ಹತ್ತು ನಿಮಿಷ ಪೂರ್ತಿ ಕಹಿ.

ತುದಿ ಸುತ್ತಲೂ ಸಮನಾಗಿ ಕಪ್ಪಾದ ಮೇಲೆ ಬಾಯಿಗೆ ಇಡಿ. ಉರಿಯನ್ನು ತುದಿಯ ಮುಂದೆ ಹಿಡಿದು, ಮುಟ್ಟಿಸದೆ, ಮೆಲ್ಲಗೆ ಎಳೆಯಿರಿ. ಉರಿ ತಾನೇ ತುದಿಯ ಕಡೆ ಬಾಗುತ್ತದೆ. ಒಂದು ದಮ್ಮು, ಚೂರು ತಿರುಗಿಸಿ, ಇನ್ನೊಂದು ದಮ್ಮು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಹತ್ತಿಕೊಳ್ಳುತ್ತದೆ. ಹೊಗೆ ಬಾಯಲ್ಲೇ ಇರಲಿ, ಒಳಗೆ ಎಳೆಯಬೇಡಿ. ಈಗ ಸಿಗಾರ್ ತಿರುಗಿಸಿ ಹಿಡಿದು, ಉರಿದ ತುದಿಯ ಮೇಲೆ ಮೆತ್ತಗೆ ಊದಿ ನೋಡಿ. ಪೂರ್ತಿ ವೃತ್ತ ಕೆಂಪಗೆ ಹೊಳೆದರೆ ಸರಿಯಾಗಿ ಹತ್ತಿದೆ. ಒಂದು ಕಡೆ ಕಪ್ಪಗೇ ಉಳಿದಿದ್ದರೆ ಆ ಜಾಗಕ್ಕೆ ಮಾತ್ರ ಉರಿ ತೋರಿಸಿ ಮತ್ತೆ ಊದಿ. ಆಮೇಲೆ ಒಂದು ನಿಮಿಷ ಸುಮ್ಮನಿರಿ, ಬಿಸಿ ಹರಡಲಿ.

ಸೇದುವಾಗ

ಹೆಚ್ಚೆಂದರೆ ನಿಮಿಷಕ್ಕೆ ಒಂದು ದಮ್ಮು. ಅದಕ್ಕಿಂತ ಬೇಗ ಎಳೆದರೆ ಸಿಗಾರ್ ಬಿಸಿಯಾಗಿ ಖಾರ ಏರುತ್ತದೆ. ಬೂದಿಯನ್ನು ಪದೇ ಪದೇ ತಟ್ಟಬೇಡಿ, ಅದು ಕೆಂಡವನ್ನು ತಂಪಾಗಿ ಇಡುತ್ತದೆ. ಒಂದು ಇಂಚಿನ ತನಕ ಬೆಳೆದ ಮೇಲೆ ಆಶ್‌ಟ್ರೇ ಅಂಚಿಗೆ ಮೆಲ್ಲಗೆ ಒರಗಿಸಿದರೆ ತಾನೇ ಬೀಳುತ್ತದೆ. ಕಾಗದದ ಉಂಗುರ ಬಿಚ್ಚುವ ಆಸೆ ಇದ್ದರೆ ಅರ್ಧ ಸೇದುವ ತನಕ ತಡೆಯಿರಿ, ಬಿಸಿಗೆ ಅಂಟು ಸಡಿಲಾಗುತ್ತದೆ. ಮೊದಲೇ ಎಳೆದರೆ ಎಲೆಯೂ ಜೊತೆಗೆ ಬರಬಹುದು.

ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಉರಿಯುತ್ತಿದ್ದರೆ ಗಾಬರಿ ಬೇಡ. ಮೊದಲು ಒಂದೆರಡು ನಿಮಿಷ ಬಿಡಿ, ಎಷ್ಟೋ ಸಲ ತಾನೇ ಸಮ ಆಗುತ್ತದೆ. ಆಗದಿದ್ದರೆ ಹಿಂದೆ ಉಳಿದ ಕಡೆಗೆ ಲೈಟರಿನ ಉರಿ ತೋರಿಸಿ. ಹೊರಗಿನ ಎಲೆ ಹಾಗೇ ಉಳಿದು ಒಳಗೆ ಸುರಂಗದ ಹಾಗೆ ಉರಿಯುತ್ತಿದ್ದರೆ ತೇವ ಜಾಸ್ತಿ ಇತ್ತು ಅಥವಾ ಸರಿಯಾಗಿ ಟೋಸ್ಟ್ ಆಗಿರಲಿಲ್ಲ. ಇದು ಪದೇ ಪದೇ ಆದರೆ ಡಬ್ಬಿಯ ಹೈಗ್ರೋಮೀಟರ್ ನೋಡಿ, ಸೇದುವ ಹಿಂದಿನ ದಿನ ಸಿಗಾರನ್ನು ಪ್ಯಾಕ್ ಇಲ್ಲದ ಮರದ ಪೆಟ್ಟಿಗೆಯಲ್ಲಿ ಇಟ್ಟು ನೋಡಿ, ಮೇಲಿನ ತೇವ ಇಳಿಯುತ್ತದೆ.

ನಡುವೆ ಆರಿಹೋದರೆ ಬೂದಿ ಉದುರಿಸಿ, ಸಿಗಾರ್ ಮೂಲಕ ಹೊರಗೆ ಒಮ್ಮೆ ಊದಿ ಹಳೇ ಹೊಗೆ ಕಳಿಸಿ, ಮತ್ತೆ ಮೊದಲಿನ ಹಾಗೇ ಟೋಸ್ಟ್ ಮಾಡಿ ಹಚ್ಚಿ. ಗಂಟೆ ಎರಡು ಗಂಟೆಯೊಳಗೆ ಆದರೆ ರುಚಿ ಪರವಾಗಿಲ್ಲ. ಅರ್ಧ ಸೇದಿದ್ದನ್ನು ನಾಳೆಗೆ ಅಂತ ಹ್ಯೂಮಿಡಾರಿಗೆ ಹಾಕಬೇಡಿ, ಆ ಹಳಸಿದ ಹೊಗೆ ವಾಸನೆ ಉಳಿದ ಎಲ್ಲದಕ್ಕೂ ಹತ್ತುತ್ತದೆ.

ಖಾಲಿ ಹೊಟ್ಟೆಯಲ್ಲಿ ಸೇದಬೇಡಿ. ತಲೆ ಸುತ್ತು, ತಣ್ಣನೆ ಬೆವರು, ವಾಕರಿಕೆ ಬಂದರೆ ಅದು ನಿಕೋಟಿನ್ ಜಾಸ್ತಿಯಾದ ಗುರುತು. ತಕ್ಷಣ ನಿಲ್ಲಿಸಿ, ಕೂತುಕೊಳ್ಳಿ, ನೀರು ಕುಡಿಯಿರಿ, ಏನಾದರೂ ಸಿಹಿ ತಿನ್ನಿ. ವಾಂತಿ ನಿಲ್ಲದಿದ್ದರೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಪೂರ್ತಿ ಮುಗಿಸಲೇಬೇಕು ಅಂತ ಯಾವ ಕಟ್ಟುಪಾಡೂ ಇಲ್ಲ. ಸೇದುವುದು ಹೊರಗೆ, ಮಕ್ಕಳು ಮತ್ತು ಸೇದದವರಿಂದ ದೂರ ಇರಲಿ.

ಕೊನೆಯ ಮೂರನೇ ಒಂದು ಭಾಗದಲ್ಲಿ ಬಿಸಿ ಮತ್ತು ಕಹಿ ಏರಲು ಶುರುವಾದಾಗ ಬಿಟ್ಟುಬಿಡಿ. ಸಿಗರೇಟಿನ ಹಾಗೆ ಒತ್ತಿ ಹೊಸಕಬೇಡಿ, ಎಲೆ ಒಡೆದು ಕೆಟ್ಟ ವಾಸನೆ ಎಬ್ಬಿಸುತ್ತದೆ. ಆಶ್‌ಟ್ರೇಯಲ್ಲಿ ಹಾಗೇ ಇಟ್ಟರೆ ಕೆಲವು ನಿಮಿಷದಲ್ಲಿ ತಾನೇ ಆರುತ್ತದೆ. ಪೂರ್ತಿ ತಣ್ಣಗಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ, ನೀರಿಗೆ ಅದ್ದಿ, ಮುಚ್ಚಳ ಇರುವ ಕಸದ ಡಬ್ಬಿಗೆ ಹಾಕಿ. ಉಳಿದ ತುಂಡಿನಲ್ಲಿ ನಿಕೋಟಿನ್ ಇನ್ನೂ ಬೇಕಾದಷ್ಟು ಇರುತ್ತದೆ, ಸಣ್ಣ ಮಗುವಾಗಲಿ ನಾಯಿಯಾಗಲಿ ಅದನ್ನು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ಸಿಗಾರ್ ಡಬ್ಬಿಯನ್ನೂ ಲೈಟರನ್ನೂ ಮಕ್ಕಳ ಕೈಗೆ ಎಟುಕದ ಎತ್ತರದಲ್ಲೇ ಇಡಿ.